ಜರ್ಮೇನಿಯಂ ಫಜ್ ಪೆಡಲ್: ಬಯಾಸ್ ಮತ್ತು ಕರಾವಳಿಯ ಸೆಖೆ

ಫಜ್ ಪೆಡಲ್: ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಜೋಡಿಸಿ, ಕಾಲಿನಿಂದ ಒತ್ತಿ ಬಳಸುವ ಸಣ್ಣ ಪೆಟ್ಟಿಗೆ. ತಂತಿಯಿಂದ ಬಂದ ಸಂಕೇತವನ್ನು ಅಳತೆ ಮೀರಿ ಹಿಗ್ಗಿಸಿ, ಅಲೆಯ ತುದಿಗಳನ್ನು ಕತ್ತರಿಸಿ, ಜೇನುಗೂಡಿಗೆ ಕಲ್ಲು ಬಿದ್ದಾಗ ಏಳುವ ಮೊರೆತದಂಥ ದನಿ ಹೊರಡಿಸುವುದು ಇದರ ಕೆಲಸ. ಒಳಗೆ ಇರುವುದು ಎರಡೋ ಮೂರೋ ಟ್ರಾನ್ಸಿಸ್ಟರು, ಬೆರಳೆಣಿಕೆಯ ರೆಸಿಸ್ಟರು-ಕೆಪಾಸಿಟರು, 9 ವೋಲ್ಟಿನ ಒಂದು ಬ್ಯಾಟರಿ. ಹೈಸ್ಕೂಲಿನ ಹುಡುಗನೂ ಒಂದು ಸಂಜೆಯಲ್ಲಿ ಬೆಸುಗೆ ಹಾಕಿ ಮುಗಿಸಬಹುದು. ಮುಗಿಸಿದ ಮೇಲೆ ಅದು ಸರಿಯಾಗಿ ನುಡಿಯುವಂತೆ ಮಾಡುವುದಕ್ಕೆ ಮಾತ್ರ ವಾರ ಹಿಡಿದೀತು. ಆ ವಾರದ ಕೆಲಸದ ಹೆಸರೇ ಬಯಾಸ್ ಹೊಂದಿಸುವುದು.

ಬಯಾಸ್ ಎಂದರೆ ಗಿಟಾರ್ ಸುಮ್ಮನಿರುವಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುತ್ತಿರುವ ವಿದ್ಯುತ್ತಿನ ಮಟ್ಟ. ಸಂಕೇತ ಬಂದಾಗ ಆ ಮಟ್ಟದಿಂದ ಮೇಲಕ್ಕೂ ಕೆಳಕ್ಕೂ ಎಷ್ಟು ಜಾಗವಿದೆ ಎಂಬುದರ ಮೇಲೆ ಅಲೆಯ ಯಾವ ತುದಿ ಮೊದಲು ಕತ್ತರಿಸಿಹೋಗುತ್ತದೆ ಎಂಬುದು ನಿಂತಿದೆ. ಕುಂದಾಪುರ, ಬ್ರಹ್ಮಾವರ ಕಡೆಯ ಓದುಗರಿಗೆ ಮದ್ದಳೆಯನ್ನು ನೆನಪಿಸಿದರೆ ಸಾಕು. ಬಡಗುತಿಟ್ಟು ಯಕ್ಷಗಾನದ ಮದ್ದಳೆಗಾರ ಆಟ ಶುರುವಾಗುವ ಮುಂಚೆ ಭಾಗವತರ ಶ್ರುತಿಗೆ ಬಲ ಮುಖವನ್ನು ಕೂರಿಸುತ್ತಾನೆ. ನಡುರಾತ್ರಿ ಇಬ್ಬನಿ ಬಿದ್ದರೆ ಮತ್ತೆ ಕೂರಿಸುತ್ತಾನೆ. ಯಾರೂ ಅದನ್ನು ಮದ್ದಳೆಯ ದೋಷ ಎನ್ನುವುದಿಲ್ಲ. ಜರ್ಮೇನಿಯಂ ಪೆಡಲೂ ಹವೆಗೆ ಓಗೊಡುವ ಚರ್ಮವಾದ್ಯದ ಜಾತಿಯದೇ. ಅದನ್ನು ಒಮ್ಮೆ ಕೂರಿಸಿ ಮರೆಯಬಹುದಾದ ಯಂತ್ರವೆಂದು ತಿಳಿದವರೇ ಅದನ್ನು ಹೆಚ್ಚಾಗಿ ಬೈಯುವವರು.

ಫಜ್ ದನಿ ಹುಟ್ಟಿದ್ದು ಒಂದು ಕೆಟ್ಟುಹೋದ ಉಪಕರಣದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆಯುವಾಗ ಗ್ರೇಡಿ ಮಾರ್ಟಿನ್ ಅವರ ಆರು ತಂತಿಯ ಬೇಸ್ ಗಿಟಾರು ಹಾದುಬಂದ ಮಿಕ್ಸರಿನ ಚಾನೆಲ್ ಹಾಳಾಗಿ, ನಾದ ಗೊರಗೊರ ಎಂದಿತು. ಅಳಿಸದೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಜನಪ್ರಿಯವಾಯಿತು. ಅದೇ ದನಿಯನ್ನು ಬೇಕೆಂದಾಗ ಪಡೆಯಲು ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಅವರು ರೆವಿಸ್ ಹಾಬ್ಸ್ ಜೊತೆ ಸೇರಿ ಟ್ರಾನ್ಸಿಸ್ಟರ್ ಮಂಡಲವೊಂದನ್ನು ರೂಪಿಸಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ‘ಮೇಸ್ಟ್ರೋ ಫಜ್-ಟೋನ್’ ಎಂದು ಮಾರುಕಟ್ಟೆಗೆ ತಂದಿತು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು, 1.5 ವೋಲ್ಟಿನ ಎರಡು ಸೆಲ್ಲು, ಅಷ್ಟೆ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಈ ಪೆಟ್ಟಿಗೆಯನ್ನು ಮನೆಮಾತಾಗಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಅವರ ‘ಟೋನ್ ಬೆಂಡರ್’ ಬಂತು; 1966ರಲ್ಲಿ ಐವರ್ ಆರ್ಬಿಟರ್ ಅವರ ಕಂಪನಿಯಿಂದ, ಮೈಕ್ ಸ್ಟ್ಯಾಂಡಿನ ತಳದಂತೆ ದುಂಡಗಿನ ‘ಫಜ್ ಫೇಸ್’. ಜಿಮಿ ಹೆಂಡ್ರಿಕ್ಸ್ ತುಳಿದದ್ದು ಇದನ್ನೇ. ನಮ್ಮ ದೇಶದ ಬೀಟ್ ತಂಡಗಳ ಕಾಲದ ಗಿಟಾರನ್ನು ಕೇಳಬೇಕೆನ್ನುವವರಿಗೆ ‘ಸಿಮ್ಲಾ ಬೀಟ್’ ಸ್ಪರ್ಧೆಯ 1970 ಮತ್ತು 1971ರ ಧ್ವನಿಮುದ್ರಿಕೆಗಳಿವೆ.

ಫಜ್ ಫೇಸಿನ ಒಳಗಿದ್ದವು ಎನ್‌ಕೆಟಿ 275 ಅಥವಾ ಎಸಿ 128 ಟ್ರಾನ್ಸಿಸ್ಟರುಗಳು. ಈ ಎರಡನೆಯ ಹೆಸರು ಕೇಳಿದರೆ ಹಳೆಯ ರೇಡಿಯೊ ರಿಪೇರಿಯವರ ಕಿವಿ ನಿಮಿರುತ್ತದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಲ್ಲಿ ರೇಡಿಯೊ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ನ್ಯಾಶ್‌ವಿಲ್‌ನ ಪೆಟ್ಟಿಗೆ ಅಂಗಡಿಗೆ ಬಂದದ್ದೂ ಅದೇ ವರ್ಷ ಎಂಬುದು ಕಾಕತಾಳೀಯ. ಬಿಇಎಲ್ ಮುದ್ರೆಯ ಎಸಿ 127, ಎಸಿ 128ಗಳು ಪಿಸುಗುಟ್ಟುವ ಸಂಕೇತವನ್ನು ಸ್ಪೀಕರಿನಲ್ಲಿ ಕೇಳಿಸುವಷ್ಟು ಮಾಡುವ ಕೊನೆಯ ಹಂತದ ಟ್ರಾನ್ಸಿಸ್ಟರುಗಳಾಗಿ ಭಾರತದ ರೇಡಿಯೊಗಳಲ್ಲಿ ಕೂತವು. ಹೆಸರಿನ ‘ಎ’ ಎಂದರೆ ಜರ್ಮೇನಿಯಂ, ‘ಸಿ’ ಎಂದರೆ ಶ್ರವ್ಯ ಆವರ್ತನದ ಸಣ್ಣ ಶಕ್ತಿಯ ಟ್ರಾನ್ಸಿಸ್ಟರ್. ಇದು ಯುರೋಪಿನ ನಾಮಕರಣ ಪದ್ಧತಿ. ‘ಬಿ’ಯಿಂದ ಶುರುವಾದರೆ ಸಿಲಿಕಾನ್. ಇನ್ನೂ ಹಳೆಯ ಓಸಿ 71, ಓಸಿ 75ರ ‘ಓ’ ವಾಲ್ವುಗಳ ಕಾಲದ ಪಳೆಯುಳಿಕೆ: ಕಾಯಿಸುವ ಫಿಲಮೆಂಟಿಗೆ ಬೇಕಾದ ವೋಲ್ಟೇಜು ಸೊನ್ನೆ ಎಂದು ಅದರ ಅರ್ಥ.

ಹೀಗಾಗಿ ಕರಾವಳಿಯ ಗಂಗೊಳ್ಳಿಯಲ್ಲೋ ಬೈಂದೂರಿನಲ್ಲೋ ಫಜ್ ಪೆಡಲ್ ಕಟ್ಟಲು ಹೊರಟವನಿಗೆ ಟ್ರಾನ್ಸಿಸ್ಟರು ಲಂಡನ್ನಿನಿಂದ ಬರಬೇಕಾಗಿಲ್ಲ. ಅಟ್ಟದ ಮೇಲಿನ ಸತ್ತ ರೇಡಿಯೊ, ಗುಜರಿಯವನ ಗೋಣಿ, ಇಲ್ಲವೆ ಬೆಂಗಳೂರಿನ ಎಸ್.ಪಿ. ರೋಡಿನ ಡಬ್ಬಗಳಲ್ಲಿ ಹುಡುಕಬಹುದು. ಮುದ್ರೆ ಅಳಿಸಿ ಬೇರೆ ಬರೆದ ಮಾಲೂ ಮಾರುಕಟ್ಟೆಯಲ್ಲಿ ಉಂಟು. ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕಿಟ್ಟು, ಟ್ರಾನ್ಸಿಸ್ಟರಿನ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ಕಾಲುಗಳಲ್ಲಿ ಬೇಸ್-ಎಮಿಟರ್ ನಡುವೆ ಹಿಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ: 0.2ರ ಆಸುಪಾಸು ತೋರಿಸಿದರೆ ಜರ್ಮೇನಿಯಂ, 0.6 ದಾಟಿದರೆ ಸಿಲಿಕಾನ್.

ಇಷ್ಟು ಹಠ ಮಾಡುವ ಅರೆಲೋಹದ ಹಿಂದೆ ಯಾಕೆ ಬೀಳಬೇಕು? ಜರ್ಮೇನಿಯಂ ಇರುವುದನ್ನು ಮೆಂಡಲೀಫ್ 1871ರಲ್ಲೇ ಊಹಿಸಿದ್ದರು. 1886ರಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಬೇರ್ಪಡಿಸಿದರು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಮೊದಲ ಟ್ರಾನ್ಸಿಸ್ಟರ್ ಇದರದೇ ತುಣುಕು. ಇದರಲ್ಲಿ ಎಲೆಕ್ಟ್ರಾನನ್ನು ಬಂಧದಿಂದ ಬಿಡಿಸಲು ಸುಮಾರು 0.67 ಎಲೆಕ್ಟ್ರಾನ್-ವೋಲ್ಟ್ ಸಾಕು, ಸಿಲಿಕಾನಿಗೆ 1.1 ಬೇಕು. ಬಾಗಿಲು ತಗ್ಗು, ಆದ್ದರಿಂದ ಕೋಣೆಯ ಬಿಸಿಯೊಂದೇ ಎಷ್ಟೋ ಎಲೆಕ್ಟ್ರಾನುಗಳನ್ನು ಆಚೆ ತಳ್ಳಿಬಿಡುತ್ತದೆ. ಬೇಸ್ ಕಾಲಿಗೆ ಏನನ್ನೂ ಕೊಡದಿದ್ದರೂ ಕಲೆಕ್ಟರಿಗೂ ಎಮಿಟರಿಗೂ ನಡುವೆ ಒಂದಿಷ್ಟು ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಇದೇ ಸೋರಿಕೆ. ಉಷ್ಣತೆ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದನಿಯ ಮೃದುತನವೆಂದು ಹೊಗಳಿಸಿಕೊಳ್ಳುವುದರಲ್ಲಿ ಕಡಿಮೆ ಗೇನ್ (ಹಿಗ್ಗಿಸುವ ಶಕ್ತಿ), ಹೆಚ್ಚಿನ ಆವರ್ತನಗಳಲ್ಲಿ ಸೋಲುವ ಸ್ವಭಾವ, ಈ ಸೋರಿಕೆ ಮೂರೂ ಬೆರೆತಿವೆ. ಜರ್ಮೇನಿಯಂ ಎಂಬ ಹೆಸರಿಗೇ ಮಾಂತ್ರಿಕ ಗುಣವಿದೆ ಎನ್ನುವ ಮಾತು ಅಂಗಡಿಯವರದು. ಒಂದೇ ಡಬ್ಬದ ಹತ್ತು ಎಸಿ 128ಗಳಲ್ಲಿ ನಾಲ್ಕು ನಯವಾಗಿ ನುಡಿದು ಆರು ಕೊರಗುವುದು ಮಾಮೂಲು.

ಆದ್ದರಿಂದ ಬಯಾಸಿಗಿಂತ ಮೊದಲು ಆಯ್ಕೆ. ಅಗ್ಗದ ಮಲ್ಟಿಮೀಟರಿನ ಗೇನ್ ಅಳೆಯುವ ರಂಧ್ರಗಳು ಇಲ್ಲಿ ಮೋಸ ಮಾಡುತ್ತವೆ, ಏಕೆಂದರೆ ಅವು ಸೋರಿಕೆಯನ್ನೂ ಗೇನ್ ಎಂದೇ ಎಣಿಸುತ್ತವೆ. ಮನೆಯಲ್ಲಿ ಪೆಡಲ್ ಕಟ್ಟುವವರಿಗೆ ಅಮೆರಿಕದ ಆರ್.ಜಿ. ಕೀನ್ ಹೇಳಿಕೊಟ್ಟ ಉಪಾಯ ಸರಳವಾದದ್ದು. ಎಸಿ 128ರಂಥ ಪಿಎನ್‌ಪಿ ಟ್ರಾನ್ಸಿಸ್ಟರಿನ ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಧನಕ್ಕೂ, ಕಲೆಕ್ಟರನ್ನು 2.47 ಕಿಲೋ ಓಮ್ ರೆಸಿಸ್ಟರಿನ ಮೂಲಕ ಋಣಕ್ಕೂ ಸೇರಿಸಬೇಕು. ಈ ಬೆಲೆಯ ರೆಸಿಸ್ಟರು ಅಂಗಡಿಯಲ್ಲಿ ಸಿಗುವುದಿಲ್ಲ, 2.4 ಕಿಲೋ ಓಮಿಗೆ 68 ಓಮಿನದನ್ನು ಸಾಲಾಗಿ ಸೇರಿಸಿದರೆ ಆಯಿತು. ಬೇಸನ್ನು ಖಾಲಿ ಬಿಟ್ಟು ರೆಸಿಸ್ಟರಿನ ಮೇಲಿನ ವೋಲ್ಟೇಜು ನೋಡಬೇಕು. ಆಮೇಲೆ ಬೇಸಿನಿಂದ ಋಣಕ್ಕೆ 2.2 ಮೆಗಾ ಓಮ್ ಕೂಡಿಸಿ ಮತ್ತೊಮ್ಮೆ ನೋಡಬೇಕು. ಬೇಸಿನಲ್ಲಿ ಹರಿಯುವುದು ಸುಮಾರು 4 ಮೈಕ್ರೋ ಆಂಪಿಯರ್. ಲೆಕ್ಕ ಹೇಗೆ ಕೂಡಿಬರುತ್ತದೆ ಎಂದರೆ ಮೀಟರಿನ 1 ವೋಲ್ಟು 100 ಗೇನಿಗೆ ಸಮ. ಮೊದಲ ಸಲ 0.25, ಎರಡನೆಯ ಸಲ 1.05 ಬಂತು ಎನ್ನಿ. 0.25 ವೋಲ್ಟೆಂದರೆ 100 ಮೈಕ್ರೋ ಆಂಪಿಯರ್ ಸೋರಿಕೆ. ನಿಜವಾದ ಗೇನ್ 105 ಅಲ್ಲ, 80. ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಸಿಕ್ಕಿಸಿದ್ದರೆ ಒಂದೆರಡು ನಿಮಿಷ ಕಾಯಬೇಕು. ಅಂಕಿ ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಲ್ಲುತ್ತದೆ. ಅಲ್ಲಿಯವರೆಗೆ ಮೀಟರು ತೋರಿಸುತ್ತಿದ್ದದ್ದು ಬೆರಳಿನ ಬಿಸಿಯನ್ನು.

ಫಜ್ ಫೇಸಿಗೆ ಮೊದಲನೆಯ ಟ್ರಾನ್ಸಿಸ್ಟರಿನ ಗೇನ್ 70-80, ಎರಡನೆಯದರದು 110-130 ಇದ್ದರೆ ಒಳ್ಳೆಯದು ಎಂಬುದು ಬಳಕೆಯಲ್ಲಿರುವ ಸೂತ್ರ. ಸೋರಿಕೆ 300 ಮೈಕ್ರೋ ಆಂಪಿಯರ್‌ವರೆಗೆ ನಡೆಯುತ್ತದೆ ಎಂದು ತಂಪು ದೇಶದವರು ಹೇಳುತ್ತಾರೆ. ಕರಾವಳಿಯಲ್ಲಿ ಅದು ನಡೆಯುವುದಿಲ್ಲ. ಕಾರಣ ತಿಳಿಯಲು ಮಂಡಲದೊಳಗೆ ಒಮ್ಮೆ ಹೊಕ್ಕು ಬರಬೇಕು.

ಮೂಲ ಫಜ್ ಫೇಸಿನಲ್ಲಿ ಬ್ಯಾಟರಿಯ ಧನ ತುದಿಯೇ ಭೂಮಿ. ಆದ್ದರಿಂದ ಇಲ್ಲಿ ಕೊಡುವ ವೋಲ್ಟೇಜುಗಳನ್ನೆಲ್ಲ ಋಣವೆಂದು ತಿಳಿದುಕೊಂಡು, ಚಿಹ್ನೆ ಬಿಟ್ಟು ಓದಬೇಕು. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 33 ಕಿಲೋ ಓಮ್. ಆ ಕಲೆಕ್ಟರು ನೇರ ಎರಡನೆಯದರ ಬೇಸಿಗೆ. ಎರಡನೆಯದರ ಕಲೆಕ್ಟರಿಗೆ 8.2 ಕಿಲೋ ಓಮೂ 470 ಓಮೂ ಸಾಲಾಗಿ. ಎಮಿಟರಿಗೆ 1 ಕಿಲೋ ಓಮಿನ ಫಜ್ ತಿರುಪು. ಆ ಎಮಿಟರಿನಿಂದ 100 ಕಿಲೋ ಓಮ್ ಹಿಂದಕ್ಕೆ ಬಂದು ಮೊದಲನೆಯದರ ಬೇಸಿಗೆ ಸೇರುತ್ತದೆ. ಅಂದರೆ ಎರಡನೆಯವನು ದುಡಿದದ್ದರಲ್ಲಿ ಮೊದಲನೆಯವನಿಗೆ ಊಟ, ಮೊದಲನೆಯವನು ಬಿಟ್ಟುಕೊಟ್ಟಷ್ಟು ಎರಡನೆಯವನಿಗೆ ಕೆಲಸ. ಒಬ್ಬನ ಹೊಟ್ಟೆ ಬೇರೆ ಕಡೆಯಿಂದ ತುಂಬಿತೆಂದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಸೋರಿಕೆ ಮಾಡುವುದು ಇದನ್ನೇ.

ಅಂಕಿಯಲ್ಲಿ ಹೀಗೆ. ಮೊದಲ ಟ್ರಾನ್ಸಿಸ್ಟರಿನಲ್ಲಿ ಸುಮಾರು 250 ಮೈಕ್ರೋ ಆಂಪಿಯರ್ ಹರಿಯಬೇಕು, ಅದನ್ನು 33 ಕಿಲೋ ಓಮ್ ಗೊತ್ತುಮಾಡಿದೆ. 25 ಡಿಗ್ರಿಯಲ್ಲಿ ಅದರ ಸೋರಿಕೆ 50, ಗೇನ್ 70 ಇದೆ ಎನ್ನೋಣ. ಉಳಿದ 200 ಮೈಕ್ರೋ ಆಂಪಿಯರಿಗೆ ಬೇಸಿನಲ್ಲಿ 2.9 ಬೇಕು. 100 ಕಿಲೋ ಓಮಿನ ಮೂಲಕ ಅಷ್ಟನ್ನು ಕಳಿಸಲು 0.29 ವೋಲ್ಟು, ಅದರ ಮೇಲೆ ಬೇಸ್-ಎಮಿಟರಿನ 0.12, ಒಟ್ಟು 0.41 ವೋಲ್ಟಿಗೆ ಎರಡನೆಯದರ ಎಮಿಟರ್ ಬಂದು ನಿಲ್ಲುತ್ತದೆ. 1 ಕಿಲೋ ಓಮಿನಲ್ಲಿ 0.41 ವೋಲ್ಟೆಂದರೆ 0.41 ಮಿಲಿ ಆಂಪಿಯರ್. ಅದೇ ಪ್ರವಾಹ ಕಲೆಕ್ಟರಿನ 8.67 ಕಿಲೋ ಓಮಿನಲ್ಲಿ 3.5 ವೋಲ್ಟನ್ನು ಇಳಿಸುತ್ತದೆ. 9ರಲ್ಲಿ 3.5 ಕಳೆದರೆ ಕಲೆಕ್ಟರಿನಲ್ಲಿ 5.5. ಬೇಕಾದದ್ದು 4.5ರ ಸುತ್ತಮುತ್ತ, ಬ್ಯಾಟರಿಯ ಅರ್ಧ. ಅಲ್ಲಿಗೆ ತರಲು 8.2 ಕಿಲೋ ಓಮನ್ನು 10.5 ಕಿಲೋ ಓಮಿನ ಹತ್ತಿರಕ್ಕೆ ಏರಿಸಬೇಕು. ಅದಕ್ಕೇ ಅನುಭವಸ್ಥರು ಆ ಜಾಗದಲ್ಲಿ ರೆಸಿಸ್ಟರು ಹಾಕುವುದಿಲ್ಲ, ತಿರುಗಿಸಿ ಬೆಲೆ ಬದಲಿಸಬಹುದಾದ 20 ಕಿಲೋ ಓಮಿನ ಟ್ರಿಮ್‌ಪಾಟ್ ಕೂರಿಸುತ್ತಾರೆ.

ಈಗ ಅದೇ ಪೆಡಲನ್ನು 8.2 ಕಿಲೋ ಓಮಿನೊಂದಿಗೇ 35 ಡಿಗ್ರಿಗೆ ತನ್ನಿ. ಸೋರಿಕೆ 100 ಆಯಿತು. ಬೇಸಿನಲ್ಲಿ 2.1 ಸಾಕು, ಬೇಸ್-ಎಮಿಟರ್ ವೋಲ್ಟೇಜು ಡಿಗ್ರಿಗೆ 2 ಮಿಲಿವೋಲ್ಟಿನಂತೆ ಇಳಿದು 0.10. ಎಮಿಟರ್ 0.31ಕ್ಕೆ ಕುಸಿದು, ಕಲೆಕ್ಟರ್ 6.3ಕ್ಕೆ ಹತ್ತುತ್ತದೆ. ಬಿಸಿಲಲ್ಲಿಟ್ಟ ಪೆಟ್ಟಿಗೆಯೊಳಗೆ 45 ಡಿಗ್ರಿಯಾದರೆ ಸೋರಿಕೆ 200; ಮೊದಲ ಟ್ರಾನ್ಸಿಸ್ಟರಿಗೆ ಬೇಸಿನ ಹಂಗೇ ಹೆಚ್ಚುಕಡಿಮೆ ಬೇಡವಾಗಿ, ಎರಡನೆಯದರ ಕಲೆಕ್ಟರ್ 7.7ರ ಆಸುಪಾಸು ಹೋಗಿ ಕೂರುತ್ತದೆ. ಸೋರಿಕೆಯೊಂದೇ 250 ಮುಟ್ಟಿದರೆ ಮಂಡಲ ಮುಚ್ಚಿಕೊಂಡಂತೆಯೇ. ಕೋಣೆಯ ಹವೆಯಲ್ಲೇ 300 ಸೋರುವ ಟ್ರಾನ್ಸಿಸ್ಟರನ್ನು ಮೊದಲ ಸ್ಥಾನಕ್ಕೆ ಹಾಕಿದವನು ಗಂಗೊಳ್ಳಿಯ ಮೇ ತಿಂಗಳಿನಲ್ಲಿ ಏನು ಕೇಳಿಯಾನು ಎಂಬುದನ್ನು ಇನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕಟ್ಟುವವರಿಗೆ ನಾನು ಹೇಳುವ ಮಿತಿ ಇದು: ಮೊದಲ ಸ್ಥಾನಕ್ಕೆ 50ರೊಳಗೆ ಸೋರುವುದು ಸಿಕ್ಕರೆ ಅದೃಷ್ಟ, 100 ಮೀರಿದ್ದು ಬೇಡ. ಎರಡನೆಯ ಸ್ಥಾನದಲ್ಲಿ ಸ್ವಲ್ಪ ಉದಾರವಾಗಬಹುದು, ಅದನ್ನು ಹಿಮ್ಮರಳಿಕೆಯ 100 ಕಿಲೋ ಓಮ್ ಒಂದಷ್ಟು ಸರಿದೂಗಿಸುತ್ತದೆ.

ಗಂಗೊಳ್ಳಿ ಪಂಚಗಂಗಾವಳಿ ಹೊಳೆ ಕಡಲು ಸೇರುವ ಅಳಿವೆಯ ಬಂದರು, ನೀರಿನಾಚೆ ಕುಂದಾಪುರ. ಏಪ್ರಿಲ್-ಮೇಯ ಮಧ್ಯಾಹ್ನ 33-35 ಡಿಗ್ರಿ ಇಲ್ಲಿ ಸಾಮಾನ್ಯ, ಅದಕ್ಕೆ ಬೆವರು ಆರದ ಸೆಖೆ ಬೇರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಡಿಸೆಂಬರಿನ ರಾತ್ರಿ 16 ಡಿಗ್ರಿಗೆ ಇಳಿಯುತ್ತದೆ. ಆ ರಾತ್ರಿ ಅಲ್ಲಿ 4.5ಕ್ಕೆ ಕೂರಿಸಿದ ಪೆಡಲು ಬಸ್ಸಿನಲ್ಲಿ ಘಟ್ಟ ಇಳಿದು ಬಂದು ಬೇರೆಯೇ ಪೆಡಲಾಗಿರುತ್ತದೆ. ಕೆಟ್ಟಿರುವುದಿಲ್ಲ, ಊರು ಬದಲಾಗಿದೆ.

ಕೆಲಸದ ಮೇಜಿನ ಮೇಲೆ ಇದನ್ನು ಕಣ್ಣಾರೆ ನೋಡಬಹುದು. ಮುಚ್ಚಳ ತೆಗೆದ ಪೆಡಲು, ಮೀಟರಿನ ಕೆಂಪು ಮೊನೆ ಭೂಮಿಗೆ, ಕಪ್ಪು ಮೊನೆ ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. ಸಣ್ಣ ಸ್ಕ್ರೂಡ್ರೈವರಿನಿಂದ ಟ್ರಿಮ್‌ಪಾಟನ್ನು ಕೂದಲೆಳೆಯಷ್ಟು ತಿರುಗಿಸಿ 4.5ಕ್ಕೆ ತಂದು ಕೈ ಬಿಡಿ. ಈಗ ಹೆಬ್ಬೆರಳು-ತೋರುಬೆರಳಿನಲ್ಲಿ ಮೊದಲ ಟ್ರಾನ್ಸಿಸ್ಟರಿನ ತಗಡಿನ ಟೊಪ್ಪಿಗೆಯನ್ನು ಮೆತ್ತಗೆ ಹಿಡಿಯಿರಿ. ತಂಪು ಕೋಣೆಯಲ್ಲಾದರೆ ಅಂಕಿ ನಿಧಾನವಾಗಿ ಏರುತ್ತದೆ: 4.6, 4.7, 4.9. ಬಿಟ್ಟರೆ ಬಂದ ದಾರಿಯಲ್ಲೇ ಇಳಿಯುತ್ತದೆ. ಇದೇ ಆಟವನ್ನು ಗಂಗೊಳ್ಳಿಯ ಹಂಚಿನ ಮನೆಯಲ್ಲಿ ಮೇ ತಿಂಗಳ ಎರಡು ಗಂಟೆಗೆ ಆಡಿದರೆ ಅಂಕಿ ಅಲುಗುವುದೇ ಇಲ್ಲ ಎನ್ನಬಹುದು, ಯಾಕೆಂದರೆ ಬೆರಳೂ ಗಾಳಿಯೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರುತ್ತವೆ. ಫ್ಯಾನಿನ ಗಾಳಿ ನೇರ ಬಡಿಯುತ್ತಿದ್ದರೆ ಅದೂ ಅಳತೆಯನ್ನು ಕೆಡಿಸುತ್ತದೆ. ಮುಚ್ಚಳ ಹಾಕಿದ ಮೇಲೆ ಒಳಗಿನ ಹವೆ ಬೇರೆ.

ಅರ್ಧ ವೋಲ್ಟೇಜು ವೇದವಾಕ್ಯವಲ್ಲ. 4.5ರಲ್ಲಿ ದನಿ ತುಂಬಿಕೊಂಡು, ನಾದ ಉದ್ದಕ್ಕೆ ನಿಲ್ಲುತ್ತದೆ. 5.5ರವರೆಗೆ ತುಸು ಹೊಳಪು, ಹೊಡೆತಕ್ಕೆ ಬೇಗ ಓಗೊಡುವ ಗುಣ. ಅನೇಕರಿಗೆ ಅದೇ ಹಿತ. 7 ದಾಟಿದರೆ ಮೆಲ್ಲಗೆ ಮೀಟಿದ ಸ್ವರ ಹೊರಗೇ ಬರುವುದಿಲ್ಲ, ಜೋರಾಗಿ ಮೀಟಿದ್ದು ಮೊದಲು ಸಿಡಿದು ಕೊನೆಯಲ್ಲಿ ಚೂರು ಚೂರಾಗಿ ಹರಿದು ನಿಂತುಬಿಡುತ್ತದೆ, ಬ್ಯಾಟರಿ ಮುಗಿಯುತ್ತ ಬಂದ ರೇಡಿಯೊದ ಹಾಗೆ. 3ಕ್ಕಿಂತ ಕೆಳಗೆ ಇಳಿಸಿದರೆ ದನಿ ಮಂಕಾಗಿ ಕಂಬಳಿಯೊಳಗಿಂದ ಬಂದಂತಾಗುತ್ತದೆ. ಕಣ್ಣು ಮೀಟರಿನ ಮೇಲಿಟ್ಟು ಹತ್ತಿರಕ್ಕೆ ತಂದು, ಕೊನೆಯ ಕಾಲು ತಿರುವನ್ನು ಕಿವಿಗೆ ಬಿಡಬೇಕು. ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದಾಗ ದನಿ ಸ್ವಚ್ಛವಾಗುತ್ತದೆಯೇ ಎಂಬುದು ಉತ್ತಮ ಪರೀಕ್ಷೆ. ಒಳ್ಳೆಯ ಬಯಾಸಿನ ಫಜ್ ಫೇಸಿನಲ್ಲಿ ಆಗುತ್ತದೆ. ಇದರ ಒಳಬರುವ ತುದಿಯ ಪ್ರತಿರೋಧ ಬಹಳ ಕಡಿಮೆಯಿರುವುದರಿಂದ ಗಿಟಾರಿನ ತಿರುಪೂ ಮಂಡಲದ ಒಂದು ಭಾಗವೇ ಆಗಿಬಿಡುತ್ತದೆ.

ಹೋಲಿಕೆಗೆ ಡಲ್ಲಾಸ್ ಕಂಪನಿಯ ‘ರೇಂಜ್‌ಮಾಸ್ಟರ್’ ನೋಡಬಹುದು. ಅದೂ ಲಂಡನ್ನಿನದು, ಅದೇ ದಶಕದ್ದು, ಒಂದೇ ಓಸಿ 44 ಅಥವಾ ಓಸಿ 71ರ ಮೇಲೆ ನಿಂತದ್ದು. 470 ಮತ್ತು 68 ಕಿಲೋ ಓಮಿನ ಜೋಡಿ ಬೇಸಿನ ವೋಲ್ಟೇಜನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಎಮಿಟರಿನಲ್ಲಿ 3.9 ಕಿಲೋ ಓಮ್ ಇದೆ. ಕಲೆಕ್ಟರ್ 7 ವೋಲ್ಟಿನ ಹತ್ತಿರ ಇರಬೇಕು. ಸೋರಿಕೆ ಹೆಚ್ಚಾದರೆ ಎಮಿಟರಿನ ವೋಲ್ಟೇಜು ತಾನೇ ಏರಿ ಅದನ್ನು ಅದುಮುತ್ತದೆ. ಮೊದಲ ಸಲ ಕಟ್ಟುವವರು ಕರಾವಳಿಯಲ್ಲಿ ಇದರಿಂದ ಶುರುಮಾಡುವುದು ಜಾಣತನ. ಇನ್ನು ಫಜ್ ಫೇಸ್ ತಯಾರಕರೇ 60ರ ದಶಕದ ಕೊನೆಯಲ್ಲಿ ಬಿಸಿಗೆ ಹೆದರದ ಸಿಲಿಕಾನಿಗೆ, ಬಿ.ಸಿ. 108ರಂಥವಕ್ಕೆ ಹೊರಳಿದರು. ಆ ದನಿ ಹರಿತ. ಕೆಲವರಿಗೆ ಅದೇ ಬೇಕು.

ಉಪ್ಪುಗಾಳಿ ಇನ್ನೊಂದು ಶತ್ರು. ಹಳೆಯ ಟ್ರಾನ್ಸಿಸ್ಟರಿನ ಕಾಲುಗಳು ಕಪ್ಪಾಗಿದ್ದರೆ ನುಣ್ಣನೆಯ ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಕೆರೆದೇ ಬೆಸುಗೆ ಹಾಕಬೇಕು. ಕಾಲುಗಳನ್ನು ಉದ್ದಕ್ಕೇ ಬಿಟ್ಟು, ಬೆಸುಗೆಗೂ ಟೊಪ್ಪಿಗೆಗೂ ನಡುವೆ ಚಿಮುಟ ಹಿಡಿದರೆ ಬಿಸಿ ಒಳಗೆ ಹೋಗದು. ಸಾಕೆಟ್ ಹಾಕುವುದು ಆಯ್ಕೆಗೆ ಅನುಕೂಲ. ಆದರೆ ಈ ಹವೆಯಲ್ಲಿ ಸಾಕೆಟ್ಟಿನ ಹಿಡಿತ ತುಕ್ಕು ಹಿಡಿದು ಕರಕರ ಶುರುವಾಗುತ್ತದೆ, ಆದ್ದರಿಂದ ಆಯ್ಕೆ ಮುಗಿದ ಮೇಲೆ ಬೆಸುಗೆಯೇ ಲೇಸು. ಎಎಫ್ 114ರಿಂದ 117ರವರೆಗಿನ ಟ್ರಾನ್ಸಿಸ್ಟರುಗಳು ಅಗ್ಗಕ್ಕೆ ಸಿಕ್ಕರೂ ಬೇಡ: ಅವುಗಳ ಟೊಪ್ಪಿಗೆಯೊಳಗೆ ತವರದ ಕೂದಲು ಬೆಳೆದು ಒಳಗೊಳಗೇ ಶಾರ್ಟ್ ಆಗುತ್ತವೆ. ಗಾಜಿನ ಓಸಿ 71ರ ಕಪ್ಪು ಬಣ್ಣ ಉದುರಿದ್ದರೆ ಅದಕ್ಕೆ ಬೆಳಕೂ ಸಂಕೇತವಾಗಿ ಕಾಣುತ್ತದೆ. ಬಣ್ಣವಿಲ್ಲದ ಇದೇ ಜಾತಿಯನ್ನು ಓಸಿಪಿ 71 ಎಂದು ಬೆಳಕು ಗುರುತಿಸಲೆಂದೇ ಮಾರುತ್ತಿದ್ದರು.

ಧನ ಭೂಮಿಯ ಪೆಡಲನ್ನು ಇತರ ಪೆಡಲುಗಳ ಜೊತೆ ಒಂದೇ ಅಡಾಪ್ಟರಿನ ಸರಪಳಿಗೆ ಸೇರಿಸಿದರೆ ಅಡಾಪ್ಟರು ನೇರ ಶಾರ್ಟ್ ಆಗುತ್ತದೆ. ಇದಕ್ಕೆ ಬೇರೆ ಬ್ಯಾಟರಿ ಇರಲಿ, ಇಲ್ಲವೆ ಎನ್‌ಪಿಎನ್ ಜಾತಿಯ ಎಸಿ 127 ಬಳಸಿ ಮಂಡಲವನ್ನು ತಿರುವಿ ಕಟ್ಟಬಹುದು.

ಕಾರ್ಖಾನೆಯ ಹಳೆಯ ಪೆಡಲುಗಳಲ್ಲಿ ಬಯಾಸ್ ತಿರುಪು ಇರಲಿಲ್ಲ. ಗಂಗೊಳ್ಳಿಯಲ್ಲಿ ಕಟ್ಟುವುದಾದರೆ ಅದನ್ನು ಪೆಟ್ಟಿಗೆಯ ಹೊರಮೈಗೇ ತನ್ನಿ; ಇಗರ್ಜಿ ಹಬ್ಬದ ರಾತ್ರಿ ವೇದಿಕೆಯ ದೀಪದ ಬಿಸಿಯಲ್ಲಿ ಮುಚ್ಚಳದ ಸ್ಕ್ರೂ ಬಿಚ್ಚುತ್ತ ಕೂರಲಾಗದು. ಮುಚ್ಚಳದ ಒಳಬದಿಯಲ್ಲಿ ತಾರೀಕು, ಆ ಹೊತ್ತಿನ ಉಷ್ಣತೆ, ಎರಡೂ ಕಲೆಕ್ಟರುಗಳ ವೋಲ್ಟೇಜು, ಎರಡೂ ಟ್ರಾನ್ಸಿಸ್ಟರುಗಳ ಸೋರಿಕೆ ಬರೆದಿಡಿ. ಮೇಯಲ್ಲಿ ಬರೆದದ್ದು ಜನವರಿಯಲ್ಲಿ ಬೇಕಾಗುತ್ತದೆ.